ಸಾರಿದ ಮಾತು, ಪ್ರಕಟವಾದ ಕಾಗದ: ಕಾಫಿ ಮಲೆನಾಡು ಮತ್ತು ವಿದ್ಯುತ್ ಮಾರ್ಗಗಳ ತಿಳುವಳಿಕೆಯ ಚರಿತ್ರೆ

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿ, ಪಶ್ಚಿಮಘಟ್ಟದ ಅಂಚಿನ ಹುಲ್ಲುಗುಡ್ಡಗಳ ನಡುವೆ ದೇವರಮನೆ ಎಂಬ ನೆಲೆಯಿದೆ. ಕಾಲಭೈರವೇಶ್ವರನ ಕಲ್ಲುಗುಡಿ ಅಲ್ಲಿಯ ಕೇಂದ್ರ. ಗುಡಿಯ ಪಶ್ಚಿಮಕ್ಕೆ ನೆಲ ಕಡಿದಾಗಿ ಇಳಿದು ತುಳುನಾಡನ್ನು ಸೇರುತ್ತದೆ. ಪೂರ್ವಕ್ಕೆ ಕಾಫಿ ತೋಟಗಳೂ ಗದ್ದೆಬಯಲುಗಳೂ ಮೂಡಿಗೆರೆ, ಬೇಲೂರು, ಹಾಸನಗಳ ಕಡೆಗೆ ಹರಡಿಕೊಂಡಿವೆ. ಈ ಗುಡ್ಡಸಾಲು ಎರಡು ಸೀಮೆಗಳ ಗಡಿಯಷ್ಟೇ ಅಲ್ಲ, ಆಧುನಿಕ ಕಾಲದಲ್ಲಿ ಒಂದು ಬಗೆಯ ಹಾದಿಯೂ ಹೌದು. ಕರಾವಳಿಯಲ್ಲಿ ಉತ್ಪಾದನೆಯಾದ ವಿದ್ಯುತ್ತು ಬಯಲುಸೀಮೆಯ ನಗರಗಳನ್ನು ತಲುಪಬೇಕಾದರೆ ಇಂತಹ ಸಾಲನ್ನು ಎಲ್ಲಾದರೊಂದು ಕಡೆ ದಾಟಲೇಬೇಕು. ದಾಟುವ ಮೊದಲು ಆ ನೆಲದ ಮೇಲೆ ಬದುಕಿರುವವರಿಗೆ ಯಾರು, ಯಾವಾಗ, ಯಾವ ಮಾತಿನಲ್ಲಿ ತಿಳಿಸುತ್ತಾರೆ? ಅವರ ಮರುಮಾತು ಎಲ್ಲಿ ದಾಖಲಾಗುತ್ತದೆ? ವಿದ್ಯುತ್ತಿನ ಚರಿತ್ರೆಯನ್ನು ಬರೆದವರು ಅಣೆಕಟ್ಟು, ಮೆಗಾವಾಟ್ ಮತ್ತು ದಿವಾನರ ದೂರದೃಷ್ಟಿಗಳ ಬಗ್ಗೆ ವಿಪುಲವಾಗಿ ಬರೆದಿದ್ದಾರೆ. ಈ ಪ್ರಶ್ನೆಯನ್ನು ಕೇಳಿದ್ದು ಕಡಿಮೆ. ಜಾನಪದ ಅಧ್ಯಯನಕ್ಕೆ ಇದು ಹೊರಗಿನ ವಿಷಯವೆಂದು ತೋರಬಹುದಾದರೂ, ಮೌಖಿಕ ಸಮಾಜವೊಂದು ಲಿಖಿತ ಆಡಳಿತವನ್ನು ಎದುರುಗೊಂಡ ಸಂದರ್ಭವಾಗಿ ಇದನ್ನು ಪರಿಶೀಲಿಸಬೇಕಾಗಿದೆ.

ಸಾರುವುದು ಎಂಬ ಕ್ರಿಯೆ

‘ಸಾರು’ ಎಂಬುದು ಅಚ್ಚಕನ್ನಡದ ಕ್ರಿಯಾಪದ. ಡಂಗುರ ಸಾರುವುದು, ಹಬ್ಬ ಸಾರುವುದು ಎಂಬ ಪ್ರಯೋಗಗಳಲ್ಲಿ ಅದು ಕೇವಲ ತಿಳಿಸುವಿಕೆಯನ್ನು ಸೂಚಿಸುವುದಿಲ್ಲ. ಸಾರಿದ ಕ್ಷಣದಿಂದ ಊರಿನ ಸ್ಥಿತಿಯೇ ಬದಲಾಗುತ್ತದೆ. ಹಳೆಯ ಮೈಸೂರು ಸೀಮೆಯ ಅನೇಕ ಊರುಗಳಲ್ಲಿ ಹಬ್ಬ ಸಾರಿದ ಮೇಲೆ ಊರಿನವರು ಹೊರಗೆ ರಾತ್ರಿ ತಂಗುವಂತಿಲ್ಲ. ಮೂಡಿಗೆರೆ, ಸಕಲೇಶಪುರ ಭಾಗದ ಸುಗ್ಗಿಯ ಆಚರಣೆಗಳಲ್ಲಿಯೂ ಹಲವೆಡೆ ಹಬ್ಬದ ದಿನಗಳಲ್ಲಿ ಕೆಲವು ಕೆಲಸಗಳಿಗೆ ತಡೆಯಿರುತ್ತದೆ. ಊರಿನವರೆಲ್ಲರಿಗೂ ಕೇಳಿಸಿತೆಂಬ ನಂಬಿಕೆಯೇ ಇಂತಹ ಕಟ್ಟುಪಾಡಿನ ಆಧಾರ. ಕೇಳಿಸದವನನ್ನು ಕಟ್ಟುಪಾಡಿಗೆ ಒಳಪಡಿಸುವುದು ಜನಪದರ ನ್ಯಾಯದಲ್ಲಿ ಸಲ್ಲುವುದಿಲ್ಲ.

ಬಯಲುಸೀಮೆಯಲ್ಲಿ ಊರೆಂದರೆ ಬೀದಿಗಳ ಕೂಟ. ತಮಟೆಯ ಸದ್ದು ಒಂದು ತುದಿಯಿಂದ ಇನ್ನೊಂದು ತುದಿಗೆ ಮುಟ್ಟುತ್ತದೆ. ಮಲೆನಾಡಿನಲ್ಲಿ ಊರಿನ ಸ್ವರೂಪವೇ ಬೇರೆ. ಗುಡ್ಡಕ್ಕೊಂದು ಮನೆ, ನಡುವೆ ಹಳ್ಳ, ಅದರಾಚೆ ಇನ್ನೊಂದು ಮನೆ. ಮಳೆಗಾಲದಲ್ಲಿ ಕೂಗಿದ ದನಿಯೂ ಆಚೆ ದಿಬ್ಬಕ್ಕೆ ಕೇಳಿಸದು. ಆದ್ದರಿಂದ ಇಲ್ಲಿ ಸಾರುವ ಕೆಲಸವು ಬಹುಮಟ್ಟಿಗೆ ಮನೆಮನೆಗೆ ಹೋಗಿ ಹೇಳುವ ರೂಪವನ್ನು ಪಡೆಯಿತು. ಹೇಳಿಕೆ ತಂದವನು ಸುದ್ದಿಯನ್ನು ಒಪ್ಪಿಸುತ್ತಾನೆ. ಮನೆಯ ಹಿರಿಯ ಜಗಲಿಯ ಮೇಲೆ ಕುಳಿತು ಕೇಳುತ್ತಾನೆ, ಮರುಪ್ರಶ್ನೆ ಹಾಕುತ್ತಾನೆ, ಬರುತ್ತೇನೆಂದೋ ಬರಲಾಗದೆಂದೋ ಇಂಥದ್ದಕ್ಕೆ ಒಪ್ಪಿಗೆಯಿಲ್ಲವೆಂದೋ ಹೇಳಿ ಕಳಿಸುತ್ತಾನೆ. ಹೋದವನು ಆ ಉತ್ತರವನ್ನು ಹೊತ್ತು ಹಿಂದಿರುಗಬೇಕು. ಈ ವ್ಯವಸ್ಥೆಯಲ್ಲಿ ತಿಳಿಸುವುದೂ ಕೇಳಿಕೊಳ್ಳುವುದೂ ಒಂದೇ ನಡಿಗೆಯಲ್ಲಿ ಮುಗಿಯುತ್ತಿದ್ದವು. ನೆರೆಯ ಕೊಡಗಿನಲ್ಲಿ ಸಾವನ್ನು ಜೋಡಿ ಗುಂಡಿನ ಸದ್ದಿನಿಂದ ತಿಳಿಸುವ ಪದ್ಧತಿಯೂ ಚದುರಿದ ವಸತಿಯ ಸಮಾಜ ಕಂಡುಕೊಂಡ ದಾರಿಯೇ.

ಆದರೆ ಈ ವ್ಯವಸ್ಥೆಯನ್ನು ಆದರ್ಶೀಕರಿಸುವುದು ಸರಿಯಲ್ಲ. ಡಂಗುರ ಬಡಿದವರು, ಹೇಳಿಕೆ ಹೊತ್ತವರು ಬಹುಪಾಲು ತಳವಾರ, ತೋಟಿ ಮುಂತಾದ ಹುದ್ದೆಗಳಿಗೆ ಹುಟ್ಟಿನಿಂದಲೇ ಕಟ್ಟುಬಿದ್ದ ಸಮುದಾಯಗಳವರು. ಊರಿನ ನಿರ್ಣಯವನ್ನು ಊರಿಗೆಲ್ಲ ಮುಟ್ಟಿಸಿದ ದನಿಗೆ ಆ ನಿರ್ಣಯವನ್ನು ಮಾಡುವ ಚಾವಡಿಯಲ್ಲಿ ಸ್ಥಾನವಿರಲಿಲ್ಲ. ಹೇಳಿಕೆ ತಂದವನು ಅಂಗಳದಲ್ಲಿ ನಿಂತೇ ಮಾತನಾಡಬೇಕಿತ್ತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಪಟೇಲ, ಶಾನುಭೋಗರ ವಂಶಪಾರಂಪರ್ಯದೊಡನೆ ಈ ಕಟ್ಟನ್ನೂ ಕಾನೂನಿನ ಮಟ್ಟದಲ್ಲಿ ಕಳಚಿತು. ಅದು ಅಗತ್ಯವಾಗಿದ್ದ ಬಿಡುಗಡೆ. ಅಂಗಳದಲ್ಲಿ ನಿಂತವನು ಹೊಸ ವ್ಯವಸ್ಥೆಯಲ್ಲಿ ಜಗಲಿಗೆ ಬಂದನೇ ಎಂಬುದು ಬೇರೆ ಪ್ರಶ್ನೆ. ಮುಂದೆ ‘ಹಿತಾಸಕ್ತ ವ್ಯಕ್ತಿ’ ಯಾರು ಎಂಬ ಚರ್ಚೆಯಲ್ಲಿ ಅದು ಮತ್ತೆ ಎದುರಾಗುತ್ತದೆ.

ಬರವಣಿಗೆಯ ಮೂಲಕ ತಿಳಿಸುವ ಪರಂಪರೆಯೂ ಈ ಸೀಮೆಗೆ ಹೊಸದಲ್ಲ. ಹೊಯ್ಸಳರ ಮೂಲನೆಲೆಯೆಂದು ಗುರುತಿಸಲಾದ ಸೊಸೆವೂರು, ಅಂದರೆ ಇಂದಿನ ಅಂಗಡಿ, ಮೂಡಿಗೆರೆ ತಾಲ್ಲೂಕಿನಲ್ಲೇ ಇದೆ. ಬಿ.ಎಲ್. ರೈಸ್ ಅವರು 1901ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಕಡೂರು ಜಿಲ್ಲೆಯ ಸಂಪುಟದಲ್ಲಿ ಈ ತಾಲ್ಲೂಕಿನ ಶಾಸನಗಳು ಸೇರಿವೆ. ಕನ್ನಡದ ದಾನಶಾಸನಗಳ ಸಾಮಾನ್ಯ ಲಕ್ಷಣವೊಂದನ್ನು ಇಲ್ಲಿ ಗಮನಿಸಬೇಕು. ಭೂಮಿಯ ಎಲ್ಲೆಯನ್ನು ಹೇಳುವಾಗ ಅವು ಕಲ್ಲು, ಹಳ್ಳ, ಮರ, ಕೆರೆಯ ಕೋಡಿಗಳನ್ನು ಹೆಸರಿಸುತ್ತವೆ, ಸಾಕ್ಷಿಗಳನ್ನು ಹೆಸರಿಸುತ್ತವೆ. ಆ ಕಲ್ಲು ನಿಂತಿದ್ದು ಬಹುತೇಕ ಆ ನೆಲದಲ್ಲಿ ಅಥವಾ ಅದೇ ಊರಿನ ಗುಡಿಯ ಮುಂದೆ. ಓದಲಾರದವನಿಗೂ ಅದು ಯಾವ ನೆಲದ ಮಾತೆಂಬುದು ಗೊತ್ತಿತ್ತು. ತಿಳುವಳಿಕೆ ಮತ್ತು ನೆಲ ಒಂದೇ ಕಡೆ ಇದ್ದವು ಎಂಬುದು ಮುಂದಿನ ಚರಿತ್ರೆಯ ದೃಷ್ಟಿಯಿಂದ ಮುಖ್ಯ.

ತಂತಿ ಹೊರಟದ್ದು ನಗರದ ಕಡೆಗೆ

ಕರ್ನಾಟಕದಲ್ಲಿ ದೂರದ ವಿದ್ಯುತ್ ಮಾರ್ಗದ ಚರಿತ್ರೆ ಆರಂಭವಾಗುವುದು ಶಿವನಸಮುದ್ರದಿಂದ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡು, ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ಅವರ ಹೊಣೆಯಲ್ಲಿ ಕಟ್ಟಲ್ಪಟ್ಟ ಈ ಕೇಂದ್ರದಿಂದ 1902ರ ಜೂನ್ 30ರಂದು ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ಸುಮಾರು 92 ಮೈಲಿ ಉದ್ದದ ಆ ಮಾರ್ಗ ಅಂದಿನ ಜಗತ್ತಿನ ಅತಿ ಉದ್ದದ ಮಾರ್ಗಗಳಲ್ಲೊಂದು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರ ಆಗಸ್ಟ್‌ನಲ್ಲಿ. ಮೊದಲ ತಂತಿಯ ಕೆಳಗಿನ ಹಳ್ಳಿಗಳು ಮಾತ್ರ ದೀರ್ಘಕಾಲ ಎಣ್ಣೆಯ ಬುಡ್ಡಿಯಲ್ಲೇ ಉಳಿದವು. ಹಳ್ಳಿಯ ತಲೆಯ ಮೇಲೆ ಹಾದುಹೋಗಿ ದೂರದ ಊರನ್ನು ಬೆಳಗುವ ತಂತಿ ಎಂಬ ಸಂಬಂಧ ಅಲ್ಲಿಯೇ ರೂಪುಗೊಂಡಿತು. ಮುಂದೆ ವೋಲ್ಟೇಜು ಹೆಚ್ಚಿತು, ದೂರ ಹೆಚ್ಚಿತು. ಸಂಬಂಧದ ಸ್ವರೂಪ ಬಹಳ ಬದಲಾಗಲಿಲ್ಲ.

ಜನರ ಮಾತನ್ನು ಕೇಳುವ ವೇದಿಕೆಯೇ ಆಗ ಇರಲಿಲ್ಲವೆನ್ನುವಂತಿಲ್ಲ. 1881ರಲ್ಲಿ ಆರಂಭವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯಲ್ಲಿ ದಿವಾನರು ಆಡಳಿತದ ವರದಿಯನ್ನು ಮಂಡಿಸುತ್ತಿದ್ದರು, ಸದಸ್ಯರು ಅಹವಾಲುಗಳನ್ನು ಸಲ್ಲಿಸುತ್ತಿದ್ದರು. ಆದರೆ ಅದು ಜಮೀನುದಾರರ, ವರ್ತಕರ, ವಿದ್ಯಾವಂತರ ಸಭೆ. ಕಂಬ ನೆಟ್ಟ ಹೊಲದ ರೈತನ ದನಿ ಅಲ್ಲಿಗೆ ತಲುಪಬೇಕಾದರೆ ಇನ್ನೊಬ್ಬರ ಬಾಯಿಯಲ್ಲಿ ಹೋಗಬೇಕಿತ್ತು.

ಬ್ರಿಟಿಷ್ ಇಂಡಿಯಾದ 1910ರ ಭಾರತೀಯ ವಿದ್ಯುತ್ ಕಾಯ್ದೆ ಸ್ವಾತಂತ್ರ್ಯಾನಂತರವೂ ಮುಂದುವರಿದು ಈ ಕ್ಷೇತ್ರದ ಮೂಲಶಾಸನವಾಯಿತು. ಅದನ್ನು ಓದಿದಾಗ ಅದು ನಗರದ ಬೀದಿಯನ್ನು ಕಣ್ಣಮುಂದಿಟ್ಟುಕೊಂಡು ಬರೆದ ಕಾಯ್ದೆ ಎಂಬುದು ಸ್ಪಷ್ಟವಾಗುತ್ತದೆ. ಪರವಾನಗಿಗೆ ಅರ್ಜಿ ಹಾಕಿದವನು ಅದನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕು. ಮೊದಲ ಪ್ರಕಟಣೆಯಿಂದ ಮೂರು ತಿಂಗಳೊಳಗೆ ಬಂದ ಆಕ್ಷೇಪಣೆಗಳನ್ನು ಪರಿಶೀಲಿಸದೆ ಪರವಾನಗಿ ಕೊಡುವಂತಿಲ್ಲ. ಬೀದಿಯನ್ನು ಅಗೆಯುವ ಮೊದಲು ಆ ಬೀದಿಯ ದುರಸ್ತಿಯ ಹೊಣೆ ಹೊತ್ತವರಿಗೆ ನಕ್ಷೆಯ ಸಮೇತ ಒಂದು ತಿಂಗಳ ಲಿಖಿತ ಸೂಚನೆ ಕೊಡಬೇಕು. ಖಾಸಗಿ ನೆಲದ ಮೇಲೆ ತಂತಿ ಹಾಯಿಸಲು ಒಡೆಯನ ಒಪ್ಪಿಗೆ ಬೇಕು. ಒಂದು ಪುರಸಭೆ, ಒಂದು ಬೀದಿ, ಅದರ ಬದಿಯ ಮನೆ, ಮನೆಗೊಬ್ಬ ಒಡೆಯ: ಈ ಚೌಕಟ್ಟಿನಲ್ಲಿ ಸೂಚನೆ ಪಡೆಯುವವನು ಯಾರೆಂಬುದರಲ್ಲಿ ಗೊಂದಲವಿಲ್ಲ. ನಗರವಾಸಿಗೆ ಈ ವಿಧಿಗಳು ಎಷ್ಟು ಕಾಲ, ಎಷ್ಟು ಪ್ರಾಮಾಣಿಕವಾಗಿ ದೊರೆತವೆಂಬುದನ್ನು ಬೇರೆಯಾಗಿಯೇ ಅಧ್ಯಯನ ಮಾಡಬೇಕು. ಕಾಯ್ದೆಯ ಕಲ್ಪನೆಯಲ್ಲಂತೂ ಅವನು ಮಾತನಾಡಿಸಬೇಕಾದ ವ್ಯಕ್ತಿಯಾಗಿದ್ದ.

ಆದರೆ ಅದೇ ಕಾಯ್ದೆಯ 51ನೆಯ ಕಲಮು ಇನ್ನೊಂದು ಬಾಗಿಲನ್ನು ತೆರೆದಿಟ್ಟಿತು. ಸರ್ಕಾರವು ಲಿಖಿತ ಆಜ್ಞೆಯ ಮೂಲಕ, 1885ರ ಭಾರತೀಯ ತಂತಿ ಕಾಯ್ದೆಯು ಟೆಲಿಗ್ರಾಫ್ ಅಧಿಕಾರಿಗೆ ಕೊಟ್ಟಿದ್ದ ಅಧಿಕಾರಗಳನ್ನು ವಿದ್ಯುತ್ ಮಾರ್ಗ ಎಳೆಯುವವರಿಗೆ ವಹಿಸಬಹುದಾಗಿತ್ತು. 1948ರ ವಿದ್ಯುತ್ ಸರಬರಾಜು ಕಾಯ್ದೆ ಈ ಅಧಿಕಾರವನ್ನು ವಿದ್ಯುತ್ ಮಂಡಳಿಗಳ ಮಂಜೂರಾದ ಯೋಜನೆಗಳಿಗೆ ನೇರವಾಗಿ ಅನ್ವಯಿಸಿತು. 1957ರಲ್ಲಿ ಮೈಸೂರು ರಾಜ್ಯ ವಿದ್ಯುತ್ ಮಂಡಳಿ ಅಸ್ತಿತ್ವಕ್ಕೆ ಬಂದಾಗ ಈ ಸವಲತ್ತು ಅದರ ಕೈಯಲ್ಲಿತ್ತು. ಪ್ರತಿಯಾಗಿ 1948ರ ಕಾಯ್ದೆಯ 29ನೆಯ ಕಲಮು, ದೊಡ್ಡ ಯೋಜನೆಗಳನ್ನು ಅಂತಿಮಗೊಳಿಸುವ ಮೊದಲು ರಾಜ್ಯಪತ್ರದಲ್ಲೂ ಸ್ಥಳೀಯ ಪತ್ರಿಕೆಗಳಲ್ಲೂ ಪ್ರಕಟಿಸಿ, ಎರಡು ತಿಂಗಳಿಗೆ ಕಡಿಮೆಯಿಲ್ಲದ ಅವಧಿಯಲ್ಲಿ ಹಿತಾಸಕ್ತರ ಮನವಿಗಳನ್ನು ಆಹ್ವಾನಿಸಬೇಕೆಂದು ವಿಧಿಸಿತು. ಹೀಗೆ ತಿಳುವಳಿಕೆಯು ನೆಲದಿಂದ ರಾಜ್ಯಪತ್ರಕ್ಕೆ ಸ್ಥಳಾಂತರಗೊಂಡಿತು. ಅಂಗಡಿಯ ಶಾಸನವನ್ನು ಓದಲಾರದವನಿಗೆ ಕಲ್ಲಾದರೂ ಕಾಣುತ್ತಿತ್ತು. ರಾಜ್ಯಪತ್ರ ಕಾಣುವುದು ಅದನ್ನು ತರಿಸುವ ಕಚೇರಿಗಳಲ್ಲಿ ಮಾತ್ರ.

ಅಡ್ಡಗಟ್ಟಿದವನಿಗೆ ಮಾತ್ರ ವಿಚಾರಣೆ

ತಂತಿ ಕಾಯ್ದೆಯ ಮೂರನೆಯ ಭಾಗ ಈ ಚರಿತ್ರೆಯ ಕೇಂದ್ರದಲ್ಲಿದೆ. ಅದರ 10ನೆಯ ಕಲಮಿನಂತೆ ಅಧಿಕಾರಿಯು ಯಾವುದೇ ಸ್ಥಿರಾಸ್ತಿಯ ಮೇಲೆ, ಕೆಳಗೆ ಅಥವಾ ಬದಿಯಲ್ಲಿ ತಂತಿ ಹಾಯಿಸಬಹುದು, ಕಂಬ ನೆಡಬಹುದು. ನೆಲದ ಒಡೆತನ ಸರ್ಕಾರಕ್ಕೆ ಹೋಗುವುದಿಲ್ಲ, ಬಳಕೆಯ ಹಕ್ಕಷ್ಟೇ ಅದರದು. ಹಾನಿ ಸಾಧ್ಯವಾದಷ್ಟು ಕಡಿಮೆ ಇರಬೇಕು; ಆದ ಹಾನಿಗೆ ಹಿತಾಸಕ್ತಿಯುಳ್ಳ ಎಲ್ಲರಿಗೂ ಪೂರ್ಣ ಪರಿಹಾರ ಕೊಡಬೇಕು. ಮೊದಲು ಒಪ್ಪಿಗೆ ಪಡೆಯಬೇಕೆಂಬ ಮಾತು ಇಲ್ಲಿಲ್ಲ. 16ನೆಯ ಕಲಮು, ಕೆಲಸಕ್ಕೆ ಪ್ರತಿರೋಧ ಎದುರಾದರೆ ಜಿಲ್ಲಾ ಮ್ಯಾಜಿಸ್ಟ್ರೇಟರು ತಮ್ಮ ವಿವೇಚನೆಯಂತೆ ಅನುಮತಿಯ ಆಜ್ಞೆ ಮಾಡಬಹುದೆನ್ನುತ್ತದೆ. ಆ ಬಳಿಕವೂ ತಡೆದರೆ ಅದು ಅಪರಾಧ. ಪರಿಹಾರ ಸಾಲದೆಂಬ ವ್ಯಾಜ್ಯ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬೇಕು.

ಈ ರಚನೆಯ ಪರಿಣಾಮವನ್ನು ವಿದ್ವಾಂಸರು ಸಾಕಷ್ಟು ಗಮನಿಸಿದಂತಿಲ್ಲ. ಮೊದಲೇ ಕೇಳುವ ವಿಧಿಯಿಲ್ಲದಿರುವಾಗ, ಮಾರ್ಗ ಎಲ್ಲಿ ಹೋಗಬೇಕೆಂಬ ಬಗ್ಗೆ ನೆಲದವನು ಆಡಬಹುದಾದ ಮಾತು ಅಧಿಕೃತವಾಗಿ ಕಿವಿಗೆ ಬೀಳುವುದು ಅವನು ಅಡ್ಡಗಟ್ಟಿದಾಗ ಮಾತ್ರ. ವಿದ್ಯುತ್ ಗೋಪುರದ ಗುಂಡಿಯ ಮುಂದೆ ಜನ ಕುಳಿತುಕೊಳ್ಳುವುದನ್ನು ಪತ್ರಿಕೆಗಳು ಅಭಿವೃದ್ಧಿ ವಿರೋಧವೆಂದೋ ಭಾವೋದ್ರೇಕವೆಂದೋ ವರ್ಣಿಸುತ್ತವೆ. ಕಾನೂನಿನ ವಿನ್ಯಾಸವನ್ನು ನೋಡಿದರೆ ಅದು ವಿಚಾರಣೆಯನ್ನು ಪಡೆಯಲು ಉಳಿದಿರುವ ಬಾಗಿಲು. ‘ತಕರಾರು’ ಎಂಬ ಪದದ ಚರಿತ್ರೆಯೂ ಇಲ್ಲಿ ಕುತೂಹಲಕರ. ಅರಬ್ಬಿಯ ಮೂಲದಲ್ಲಿ ಅದಕ್ಕೆ ಪುನರುಕ್ತಿ, ಹೇಳಿದ್ದನ್ನೇ ಮತ್ತೆ ಹೇಳುವುದು ಎಂಬ ಅರ್ಥ. ದಖನಿನ ಕಚೇರಿಗಳ ಭಾಷೆಯ ಮೂಲಕ ಕನ್ನಡಕ್ಕೆ ಬರುವಷ್ಟರಲ್ಲಿ ಅದು ಆಕ್ಷೇಪಣೆಯಾಯಿತು. ಕೇಳದ ಕಿವಿಯ ಮುಂದೆ ಹೇಳಿದ್ದನ್ನೇ ಹೇಳುವವನು ಜಗಳಗಂಟನಾಗಿ ಕಾಣುವುದು ಸಹಜ.

‘ಬಳಕೆಯ ಹಕ್ಕು ಮಾತ್ರ’ ಎಂಬ ಕಲ್ಪನೆಯೂ ಒಂದು ನಿರ್ದಿಷ್ಟ ಬಗೆಯ ನೆಲವನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ರಾಗಿಹೊಲದ ಮೇಲೆ ತಂತಿ ಹಾಯ್ದರೆ ಗೋಪುರದ ಪಾದದಷ್ಟು ನೆಲ ಹೋಗುತ್ತದೆ, ಉಳಿದದ್ದನ್ನು ಉಳಬಹುದು. ಕಾಫಿ ಸೀಮೆಯಲ್ಲಿ ಹಾಗಲ್ಲ. ಇಲ್ಲಿಯ ಕಾಫಿ ನೆರಳಿನ ಬೆಳೆ. ಅತ್ತಿ, ಬಸರಿ, ಹಲಸು, ನಂದಿ, ಮತ್ತಿ, ಬೀಟೆಗಳಂಥ ಎತ್ತರದ ಮರಗಳ ಕೆಳಗೆ ಹಾಲುವಾಣ, ಸಿಲ್ವರ್ ಓಕ್, ಮರಗಳ ಮೈಗೆ ಹಬ್ಬಿದ ಮೆಣಸಿನ ಬಳ್ಳಿ, ಅದರಡಿಯಲ್ಲಿ ಕಾಫಿ. ಮೂರು ಅಂತಸ್ತುಗಳ ಈ ವ್ಯವಸ್ಥೆಯಲ್ಲಿ ಮೇಲಿನದನ್ನು ತೆಗೆದರೆ ಕೆಳಗಿನದು ಅದೇ ಸ್ಥಿತಿಯಲ್ಲಿ ಉಳಿಯುವುದಿಲ್ಲ. ಅರೇಬಿಕಾ ಕಾಫಿಯಂತೂ ಬಿಸಿಲಿಗೆ ಬೇಗ ಸೊರಗುತ್ತದೆ. ಅರಣ್ಯ ಪ್ರದೇಶದಲ್ಲಿ ಮಾರ್ಗ ಎಳೆಯಲು ಕೇಂದ್ರದ ಮಾರ್ಗಸೂಚಿಗಳು ನಿಗದಿ ಮಾಡಿರುವ ಪಟ್ಟಿಯ ಅಗಲ 66 ಕೆ.ವಿ.ಗೆ 18 ಮೀಟರ್, 220 ಕೆ.ವಿ.ಗೆ 35 ಮೀಟರ್, 400 ಕೆ.ವಿ.ಗೆ 46 ಮೀಟರ್. ತೋಟದಲ್ಲಿಯೂ ತಂತಿಯ ಸುರಕ್ಷತೆಯ ಅಗತ್ಯ ಬೇರೆಯದಲ್ಲ. 46 ಮೀಟರ್ ಅಗಲದ ಪಟ್ಟಿಯೊಂದು ಸಣ್ಣ ಹಿಡುವಳಿಯ ತೋಟವನ್ನು ದಾಟಿದರೆ ಒಡೆತನದ ಪಹಣಿ ಬದಲಾಗದಿದ್ದರೂ ತೋಟ ತೋಟವಾಗಿ ಉಳಿಯುವುದು ಸಂದೇಹ. ಮರಕ್ಕೆ, ಗಿಡಕ್ಕೆ ಬೆಲೆ ಕಟ್ಟಿ ಕೊಡುವ ಪರಿಹಾರವು ನೆರಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಷ್ಟ. ನೆರಳು ಯಾವ ಸರ್ವೆ ನಂಬರಿಗೂ ಸೇರುವುದಿಲ್ಲ.

ಹಿತಾಸಕ್ತರು ಯಾರು ಎಂಬುದು ಇದಕ್ಕಿಂತ ತೊಡಕಿನ ಪ್ರಶ್ನೆ. ಮೂಡಿಗೆರೆ, ಕಳಸ ಭಾಗದಲ್ಲಿ ‘ಲೈನು’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಒಂದು ಕರೆಂಟಿನ ಲೈನು. ಇನ್ನೊಂದು ತೋಟದ ಕಾರ್ಮಿಕರು ವಾಸಿಸುವ ಸಾಲುಮನೆ. ಲೈನ್‌ಮನೆಯವರಿಗೆ ತಾವು ಮಲಗುವ ನೆಲದ ಹಕ್ಕುಪತ್ರವಿಲ್ಲ. ತೋಟದ ಒಂದು ಪಟ್ಟಿ ಬೋಳಾದರೆ ಅಷ್ಟರಮಟ್ಟಿಗೆ ಕಾಫಿ ಕೊಯ್ಲಿನ, ಮರಗಸಿಯ, ಕಳೆಯ ಕೆಲಸದ ದಿನಗಳೂ ಹೋಗುತ್ತವೆ. ಆದರೆ ನೋಟೀಸು ಪಹಣಿಯಲ್ಲಿರುವ ಹೆಸರಿಗೆ ಬರುತ್ತದೆ. ಬಗರ್‌ಹುಕುಂ ಸಾಗುವಳಿದಾರರ ಸ್ಥಿತಿಯೂ ಇದೇ. ಅರ್ಜಿ ಇತ್ಯರ್ಥವಾಗುವವರೆಗೆ ಅವರು ಆ ನೆಲದಲ್ಲಿ ಇದ್ದೂ ಇಲ್ಲದವರು. ‘ಹಿತಾಸಕ್ತಿಯುಳ್ಳ ಎಲ್ಲರಿಗೂ’ ಎಂಬ 1885ರ ವಿಶಾಲವಾದ ಮಾತು ಆಚರಣೆಯಲ್ಲಿ ‘ಖಾತೆದಾರನಿಗೆ’ ಎಂದು ಕಿರಿದಾಗುತ್ತದೆ. ಹಿಂದೆ ಹೇಳಿಕೆ ಹೊತ್ತು ಅಂಗಳದಲ್ಲಿ ನಿಂತವರ ಮೊಮ್ಮಕ್ಕಳಲ್ಲಿ ಅನೇಕರು ಈಗ ಯಾರೂ ಹೇಳಿಕೆ ತರದ ಮನೆಗಳಲ್ಲಿದ್ದಾರೆ.

ಪ್ರಕಟಣೆಯ ಭಾಷೆಯನ್ನೂ ಗಮನಿಸಬೇಕು. ಸ್ಥಳೀಯರು ನೆಲವನ್ನು ಗುರುತಿಸುವುದು ಹಳ್ಳದ ಹೆಸರಿನಿಂದ, ದಿಣ್ಣೆಯ ಹೆಸರಿನಿಂದ, ಚೌಡಿಯೋ ಭೂತವೋ ನಾಗನೋ ನೆಲೆಸಿದ ಬನದಿಂದ. ಪ್ರಕಟಣೆಯಲ್ಲಿ ಇರುವುದು ಗ್ರಾಮಗಳ ಪಟ್ಟಿ, ಸರ್ವೆ ನಂಬರು, ಗೋಪುರದ ಸಂಖ್ಯೆ. ಮಾರ್ಗದ ಗೆರೆ ದೇವರ ಬನವೊಂದನ್ನು ತಾಗುತ್ತದೆಯೇ ಎಂಬುದು ಆ ಪಟ್ಟಿಯಿಂದ ತಿಳಿಯುವುದಿಲ್ಲ. ಇದರಿಂದಾಗಿ ಅನೇಕ ಕಡೆ ಜನರಿಗೆ ಮಾರ್ಗದ ನಿಜವಾದ ತಿಳುವಳಿಕೆ ಬರುವುದು ಸರ್ವೆಯವರು ನೆಟ್ಟ ಗೂಟದಿಂದ ಅಥವಾ ಮರಕ್ಕೆ ಬಳಿದ ಬಣ್ಣದಿಂದ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಕೃಷ್ಣೇಗೌಡನ ಆನೆ’ಯಲ್ಲಿ ಲೈನ್‌ಮನ್ ಒಂದು ಪಾತ್ರವಾಗಿ ಬರುವುದು ಆಕಸ್ಮಿಕವಲ್ಲ. ಈ ಸೀಮೆಯಲ್ಲಿ ವಿದ್ಯುತ್ ಇಲಾಖೆ ಎಂದರೆ ರಾಜ್ಯಪತ್ರವಲ್ಲ, ಮಳೆಯಲ್ಲಿ ಕಂಬ ಹತ್ತುವ ಆ ಮನುಷ್ಯ.

ದರಕ್ಕೆ ಸಭೆ, ದಾರಿಗೆ ಇಲ್ಲ

1999ರ ಸುಧಾರಣೆಯೊಡನೆ ಕರ್ನಾಟಕ ವಿದ್ಯುತ್ ಮಂಡಳಿಯ ಜಾಗದಲ್ಲಿ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ ಬಂದಿತು. ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ರಚನೆಯಾಯಿತು. 2002ರಲ್ಲಿ ವಿತರಣೆ ಬೇರೆಯಾಗಿ ಚಿಕ್ಕಮಗಳೂರು ಜಿಲ್ಲೆ ಮಂಗಳೂರು ಕೇಂದ್ರದ ಮೆಸ್ಕಾಂ ವ್ಯಾಪ್ತಿಗೆ ಸೇರಿತು. ಆಯೋಗದ ಸಾರ್ವಜನಿಕ ವಿಚಾರಣೆಗಳು ಈ ಅವಧಿಯ ಮಹತ್ವದ ಬೆಳವಣಿಗೆ. ಯೂನಿಟ್ಟಿಗೆ ಕೆಲವು ಪೈಸೆ ಏರಿಸಬೇಕಾದರೂ ಕಂಪನಿಯು ತನ್ನ ಅರ್ಜಿಯನ್ನು ಪ್ರಕಟಿಸಬೇಕು, ಗ್ರಾಹಕರ ಸಲಹೆ ಮತ್ತು ಆಕ್ಷೇಪಣೆಗಳನ್ನು ಆಯೋಗ ಪರಿಗಣಿಸಬೇಕು. ರೈತ ಸಂಘಟನೆಗಳೂ ಬೆಳೆಗಾರರೂ ಗ್ರಾಹಕ ವೇದಿಕೆಗಳೂ ಈ ಅವಕಾಶವನ್ನು ಬಳಸಿಕೊಂಡಿದ್ದಾರೆ. ಗ್ರಾಹಕನಾಗಿ ಮಾತನಾಡಲು ಜಾಗವಿದೆ. ತಂತಿ ಹಾಯುವ ನೆಲದವನಾಗಿ ಮಾತನಾಡಲು ಅಂತಹ ಸಭೆಯಿಲ್ಲ.

2003ರ ವಿದ್ಯುಚ್ಛಕ್ತಿ ಕಾಯ್ದೆ ಹಳೆಯ ಕಾಯ್ದೆಗಳನ್ನು ರದ್ದುಗೊಳಿಸಿತು. 1948ರ ಕಾಯ್ದೆಯಲ್ಲಿದ್ದ ಎರಡು ತಿಂಗಳ ಯೋಜನಾ ಪ್ರಕಟಣೆ ಅದೇ ರೂಪದಲ್ಲಿ ಮುಂದುವರಿಯಲಿಲ್ಲ. ಪ್ರಸರಣ ಪರವಾನಗಿಯ ಅರ್ಜಿಯನ್ನು ಏಳು ದಿನಗಳೊಳಗೆ ಪ್ರಕಟಿಸಬೇಕು, 30 ದಿನಗಳ ಆಕ್ಷೇಪಣೆಯ ಅವಧಿ ಇರಬೇಕು ಎಂಬ ನಿಯಮ 15ನೆಯ ಕಲಮಿನಲ್ಲಿದೆ. ರಾಜ್ಯದ ಪ್ರಸರಣ ಸಂಸ್ಥೆಯನ್ನು ಮಾತ್ರ ಕಾಯ್ದೆಯೇ ಪರವಾನಗಿದಾರನೆಂದು ಭಾವಿಸುತ್ತದೆ. ಅರ್ಜಿಯೇ ಇಲ್ಲದಲ್ಲಿ ಅರ್ಜಿಯ ಪ್ರಕಟಣೆಯೂ ಇಲ್ಲ. ತಂತಿ ಕಾಯ್ದೆಯ ಅಧಿಕಾರಗಳನ್ನು ವಹಿಸುವ ಹಳೆಯ 51ನೆಯ ಕಲಮು ಹೊಸ ಕಾಯ್ದೆಯಲ್ಲಿ 164ನೆಯದಾಗಿ ಉಳಿಯಿತು. 2006ರ ಕಾಮಗಾರಿ ನಿಯಮಗಳು ಖಾಸಗಿ ನೆಲಕ್ಕೆ ಒಡೆಯನ ಅಥವಾ ಅನುಭೋಗದಾರನ ಪೂರ್ವಸಮ್ಮತಿಯನ್ನು ಕೇಳುತ್ತವೆ. ಆದರೆ 164ನೆಯ ಕಲಮಿನ ಆಜ್ಞೆಯಿದ್ದಲ್ಲಿ ಆ ಸಮ್ಮತಿ ಅಗತ್ಯವಿಲ್ಲವೆಂಬುದನ್ನು ಪವರ್ ಗ್ರಿಡ್ ಮತ್ತು ಸೆಂಚುರಿ ಟೆಕ್ಸ್‌ಟೈಲ್ಸ್ ನಡುವಿನ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯ 2016ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು. ಇದರ ಫಲವಾಗಿ ಚಿಕ್ಕ ತಂತಿಗೆ ಒಪ್ಪಿಗೆ ಬೇಕು, ಆಜ್ಞೆ ಪಡೆದ ಹೆದ್ದಂತಿಗೆ ಬೇಡ ಎಂಬ ವಿಚಿತ್ರ ಸ್ಥಿತಿ ಏರ್ಪಟ್ಟಿದೆ.

ಪರಿಸರ ಕಾನೂನಿನಲ್ಲಿಯೂ ಇಂಥದೇ ಬಿರುಕು ಕಾಣುತ್ತದೆ. ಪರಿಸರ ಪರಿಣಾಮದ 1994ರ ಅಧಿಸೂಚನೆಗೆ 1997ರಲ್ಲಿ ಸಾರ್ವಜನಿಕ ಅಹವಾಲು ಸಭೆಯ ವಿಧಿ ಸೇರಿತು. ಆ ಅಧಿಸೂಚನೆಯ ಪಟ್ಟಿಯಲ್ಲಾಗಲಿ 2006ರ ಪಟ್ಟಿಯಲ್ಲಾಗಲಿ ಪ್ರಸರಣ ಮಾರ್ಗಗಳಿಲ್ಲ. ದೊಡ್ಡ ಉಷ್ಣಸ್ಥಾವರಕ್ಕೆ ಸಭೆ, ಅದರಿಂದ ಹೊರಡುವ ತಂತಿಗೆ ಸಭೆಯಿಲ್ಲ. ಅರಣ್ಯಭೂಮಿಗೆ 1980ರ ಕಾಯ್ದೆಯ ಅನುಮತಿ ಬೇಕೆಂಬುದು ನಿಜ. ಆದರೆ ಅರಣ್ಯಹಕ್ಕಿನ ಹಿನ್ನೆಲೆಯಲ್ಲಿ ಗ್ರಾಮಸಭೆಯ ಒಪ್ಪಿಗೆ ಬೇಕೆಂಬ ನಿಬಂಧನೆಯಿಂದ ರಸ್ತೆ, ಕಾಲುವೆ, ವಿದ್ಯುತ್ ಮಾರ್ಗಗಳಂಥ ರೇಖಾಕಾರದ ಯೋಜನೆಗಳನ್ನು ಬಹುಮಟ್ಟಿಗೆ ಹೊರಗಿಡುವ ಸುತ್ತೋಲೆಯನ್ನು ಕೇಂದ್ರ ಸಚಿವಾಲಯ 2013ರ ಫೆಬ್ರವರಿಯಲ್ಲಿ ಹೊರಡಿಸಿತು. ಗೆರೆಯಂಥ ಯೋಜನೆಯು ಪ್ರತಿ ಊರಿನಲ್ಲೂ ಸ್ವಲ್ಪವೇ ನೆಲ ಬಳಸುತ್ತದೆಂಬುದು ಇಂತಹ ವಿನಾಯಿತಿಗಳ ಹಿಂದಿನ ತರ್ಕ. ಅನೇಕ ಊರುಗಳ ಸ್ವಲ್ಪಗಳು ಸೇರಿದರೆ ಎಷ್ಟಾಗುತ್ತದೆಂಬ ಲೆಕ್ಕವನ್ನು ಕೇಳುವ ಸಭೆ ಯಾವ ಊರಿನದೂ ಅಲ್ಲವಾಯಿತು.

ಘಟ್ಟದ ಸೀಮೆಯಲ್ಲಿ ಇದರ ಪರಿಣಾಮಗಳು ಕಾಣಿಸಿಕೊಂಡಿವೆ. ಉಡುಪಿ ಜಿಲ್ಲೆಯ ನಂದಿಕೂರಿನಲ್ಲಿ ಎರಡು ಘಟಕಗಳ 1200 ಮೆಗಾವಾಟ್ ಉಷ್ಣಸ್ಥಾವರ ತಲೆಯೆತ್ತಿದಾಗ, ಅದರ ವಿದ್ಯುತ್ತನ್ನು ಹಾಸನದ ಸಮೀಪದ ಶಾಂತಿಗ್ರಾಮಕ್ಕೆ ಒಯ್ಯುವ 400 ಕೆ.ವಿ. ಮಾರ್ಗ ಪಶ್ಚಿಮಘಟ್ಟವನ್ನು ದಾಟಬೇಕಾಯಿತು. ಕಾಡಿನ ಅನುಮತಿಯ ತೊಡಕಿನಿಂದ ಆ ಕೆಲಸ ತಡವಾಯಿತು. ಕೊಡಗಿನಲ್ಲಿ ಪವರ್ ಗ್ರಿಡ್ ಸಂಸ್ಥೆಯ ಮೈಸೂರು–ಕೋಝಿಕ್ಕೋಡ್ 400 ಕೆ.ವಿ. ಮಾರ್ಗದ ವಿರುದ್ಧ ಕೊಡಗು ವನ್ಯಜೀವಿ ಸಂಘವೂ ಬೆಳೆಗಾರರೂ ವರ್ಷಗಳ ಕಾಲ ಹೋರಾಡಿದರು. ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಕಡೆಗೆ 2015ರಲ್ಲಿ ಸಾವಿರಾರು ಮರಗಳು ಉರುಳಿ ಮಾರ್ಗ ಮುಂದುವರಿಯಿತು. ಬೇರೆ ದಾರಿಯ ಬಗ್ಗೆ ಅಲ್ಲಿಯ ಜನ ಎತ್ತಿದ ಪ್ರಶ್ನೆಗಳಿಗೆ ಉತ್ತರ ದೊರೆಯಬೇಕಾದ ಸಮಯ ಸರ್ವೆಯ ಹಂತವಾಗಿತ್ತು. ಅವು ಗಟ್ಟಿಯಾಗಿ ಕೇಳಿಸಿದ್ದು ಕೊಡಲಿ ಬಂದ ಮೇಲೆ.

ತಿಳುವಳಿಕೆ ನಿಜವಾಗಿ ತಲುಪಿದಾಗ ಈ ಸೀಮೆಯ ಜನ ಸುಮ್ಮನಿರುವವರಲ್ಲ ಎಂಬುದಕ್ಕೆ ವಿದ್ಯುತ್ತಿಗೆ ಸಂಬಂಧಿಸದ ಒಂದು ನಿದರ್ಶನವನ್ನು ನೋಡಬಹುದು. ಕಸ್ತೂರಿರಂಗನ್ ವರದಿಯ ಆಧಾರದ ಮೇಲೆ ಪಶ್ಚಿಮಘಟ್ಟದ ಸೂಕ್ಷ್ಮಪ್ರದೇಶಗಳ ಕರಡು ಅಧಿಸೂಚನೆ 2014ರ ಮಾರ್ಚ್ 10ರಂದು ಹೊರಬಂದಿತು. ಊರುಗಳ ಹೆಸರುಗಳ ಪಟ್ಟಿ, ಆಕ್ಷೇಪಣೆಗೆ 60 ದಿನಗಳ ಅವಧಿ ಅದರಲ್ಲಿದ್ದವು. ಮೂಡಿಗೆರೆ ತಾಲ್ಲೂಕಿನ ಊರುಗಳೂ ಪಟ್ಟಿಯಲ್ಲಿದ್ದವು. ತಮ್ಮ ಊರಿನ ಹೆಸರು ಕಂಡ ಜನ ಸಭೆ ಸೇರಿದರು, ಕನ್ನಡದಲ್ಲಿ ವಿವರ ಕೇಳಿದರು, ಗ್ರಾಮಸಭೆಗಳಲ್ಲಿ ನಿರ್ಣಯ ಮಾಡಿದರು. ಆ ವಿರೋಧದಲ್ಲಿ ಎಷ್ಟು ತಿಳುವಳಿಕೆ, ಎಷ್ಟು ವದಂತಿ, ಎಷ್ಟು ರಾಜಕಾರಣ ಎಂಬುದು ವಿವಾದಾಸ್ಪದ. ಕಾಡನ್ನು ಉಳಿಸುವ ಸೂಚನೆಯನ್ನು ವಿರೋಧಿಸಿದ ಸೀಮೆಯೇ ಕಾಡನ್ನು ಕಡಿಯುವ ಮಾರ್ಗವನ್ನೂ ವಿರೋಧಿಸಬೇಕಾಗಿ ಬಂದ ವ್ಯಂಗ್ಯವನ್ನೂ ಮರೆಯುವಂತಿಲ್ಲ. ಆದರೂ ಆ ಕರಡು 2015, 2017, 2018, 2022 ಮತ್ತು 2024ರಲ್ಲಿ ಮತ್ತೆ ಮತ್ತೆ ಹೊರಬರಬೇಕಾಯಿತೆಂಬುದು, ಹೆಸರು ಹಿಡಿದು ಕರೆದ ಪ್ರಕಟಣೆಗೆ ಊರು ಹೇಗೆ ಮರುಮಾತು ಕೊಡುತ್ತದೆಂಬುದನ್ನು ತೋರಿಸುತ್ತದೆ.

ವಿದ್ಯುತ್ ಮಾರ್ಗಗಳ ವಿಷಯದಲ್ಲಿ ಇತ್ತೀಚೆಗೆ ಬದಲಾಗಿರುವುದು ಮುಖ್ಯವಾಗಿ ಹಣದ ಭಾಗ. ಕೇಂದ್ರ ಇಂಧನ ಸಚಿವಾಲಯದ 2015ರ ಅಕ್ಟೋಬರ್ ಮಾರ್ಗಸೂಚಿ ಗೋಪುರದ ಪಾದದ ನೆಲಕ್ಕೆ ಭೂಮೌಲ್ಯದ ಶೇ. 85, ತಂತಿಯ ಕೆಳಗಿನ ಪಟ್ಟಿಗೆ ಗರಿಷ್ಠ ಶೇ. 15 ಪರಿಹಾರವನ್ನು ಸೂಚಿಸಿತು. 2024ರ ಜೂನ್ 14ರ ಮಾರ್ಗಸೂಚಿ ಇವನ್ನು ಕ್ರಮವಾಗಿ ಶೇ. 200 ಮತ್ತು ಶೇ. 30ಕ್ಕೆ ಏರಿಸಿತು. ಇದು ಸಣ್ಣ ಹೆಜ್ಜೆಯಲ್ಲ. ಆದರೆ ಎರಡೂ ಮಾರ್ಗಸೂಚಿಗಳು ಲೆಕ್ಕಹಾಕುವುದು ನೆಲದ ಬೆಲೆಯನ್ನು. ಲೈನ್‌ಮನೆಯ ಕೂಲಿಯ ದಿನಗಳು ಆ ಲೆಕ್ಕದಲ್ಲಿ ಬರುವುದಿಲ್ಲ. ಮಾರ್ಗದ ಗೆರೆಯನ್ನು ಎಲ್ಲಿ ಎಳೆಯಬೇಕೆಂಬ ಮಾತುಕತೆಗೂ ಹಣಕ್ಕೂ ಸಂಬಂಧವಿಲ್ಲ. ನಂದಿಕೂರಿನಿಂದ ಕಾಸರಗೋಡಿನ ಕಡೆಗೆ ಯೋಜಿತವಾದ ಉಡುಪಿ–ಕಾಸರಗೋಡು 400 ಕೆ.ವಿ. ಮಾರ್ಗದ ವಿಚಾರದಲ್ಲಿ ಕಾರ್ಕಳ ತಾಲ್ಲೂಕಿನ ಇನ್ನಾ, ಬಂಟ್ವಾಳ ತಾಲ್ಲೂಕಿನ ವಿಟ್ಲ ಭಾಗಗಳ ಕೃಷಿಕರು ಕೆಲಸವನ್ನು ತಡೆದು ನಿಂತಾಗ ಕೇಳಿಬಂದ ಪ್ರಶ್ನೆಗಳಲ್ಲಿ ಪರಿಹಾರದ ಮೊತ್ತಕ್ಕಿಂತ ಅಡಿಕೆ ತೋಟಗಳ ಮೇಲೆ ಮಾರ್ಗ ಏಕೆ ಬರಬೇಕೆಂಬುದೇ ಮುಂದಿತ್ತು.

ಭಾರತದ ಟೆಲಿಗ್ರಾಂ ಸೇವೆ 2013ರ ಜುಲೈನಲ್ಲಿ ನಿಂತಿತು. ದೂರಸಂಪರ್ಕದ 2023ರ ಹೊಸ ಕಾಯ್ದೆ 1885ರ ತಂತಿ ಕಾಯ್ದೆಯನ್ನು ರದ್ದುಗೊಳಿಸುವ ವಿಧಿಯನ್ನು ಒಳಗೊಂಡಿದೆ. ಆ ಕಾಯ್ದೆಯ ಹಲವು ವಿಧಿಗಳು 2024ರ ಜೂನ್‌ನಲ್ಲಿ ಜಾರಿಗೆ ಬಂದವು. ರದ್ದತಿಯ ಕಲಮಿನಲ್ಲೇ ಒಂದು ಉಳಿಕೆಯನ್ನು ಸೇರಿಸಲಾಗಿದೆ. ವಿದ್ಯುಚ್ಛಕ್ತಿ ಕಾಯ್ದೆಯ 164ನೆಯ ಕಲಮಿನಡಿ ಪ್ರಸರಣ ಮಾರ್ಗಗಳನ್ನು ಎಳೆಯುವ ಪ್ರಕರಣಗಳಿಗೆ ಹಳೆಯ ಕಾಯ್ದೆಯ ಮೂರನೆಯ ಭಾಗ ಅನ್ವಯವಾಗುತ್ತಲೇ ಇರುತ್ತದೆ.